‘ತಾಂತ್ರಿಕ ದೋಷ’ದ ಹಿಂದೆ ಇದ್ದದ್ದು ಮೂರು ಅಕ್ಷರ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಆಗಾಗ ಒಂದು ಸಾಲು ಓದುತ್ತೇವೆ. ‘ತಾಂತ್ರಿಕ ದೋಷದಿಂದ ಸೇವೆಯಲ್ಲಿ ವ್ಯತ್ಯಯ.’ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಏನು ದೋಷ, ಎಲ್ಲಿ ಕೆಟ್ಟಿತು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ‘ಸರ್ವರ್ ಡೌನ್ ಆಗಿತ್ತು’ ಅನ್ನುವ ಉತ್ತರ ಸಿಗುತ್ತದೆ. ನಾನು 14 ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಆ ಎರಡು ಪದದ ಒಳಗೆ ಏನಿರುತ್ತದೆ ಅಂತ ಒಂದು ಸಲವಾದರೂ ಪೂರ್ತಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಆದರೆ ಚಿಕ್ಕದಾಗಿ ಹೇಳಲು ಹೋಗಿಯೇ ಅದು ‘ತಾಂತ್ರಿಕ ದೋಷ’ ಆಗಿಬಿಟ್ಟಿರುವುದು.

ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಗೆ. ಹೆಸರು ಬೇಡ. ಅಲ್ಲಿ ಒಂದು ಪ್ರೋಗ್ರಾಂ ಇದೆ. ನಾಳೆ ಯಾರ್‍ಯಾರು ಬರಬೇಕು, ಎಷ್ಟು ಗಂಟೆಗೆ ಬರಬೇಕು ಅಂತ ರೋಗಿಗಳ ಮೊಬೈಲ್‌ಗೆ ಹಿಂದಿನ ಸಂಜೆ ಮೆಸೇಜ್ ಕಳಿಸುವುದು ಅದರ ಕೆಲಸ. ಹಗಲೂ ರಾತ್ರಿ ಅದು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಇಂಥದಕ್ಕೆ ನಾವು ಸರ್ವಿಸ್ ಅನ್ನುತ್ತೇವೆ. ಅದನ್ನು ಶುರು ಮಾಡಲು, ನಿಲ್ಲಿಸಲು, ಓಡುತ್ತಿದೆಯಾ ಅಂತ ಕೇಳಲು ಒಂದು ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಇರುತ್ತದೆ. ಸ್ಟಾರ್ಟ್, ಸ್ಟಾಪ್, ಸ್ಟೇಟಸ್, ರೀಸ್ಟಾರ್ಟ್. ನಾಲ್ಕೇ ಮಾತು. ನಮ್ಮದು ಹಳೇ ಸ್ಕ್ರಿಪ್ಟ್, ಯಾರೋ ಬರೆದು ಹೋದದ್ದು. ವರ್ಷಗಟ್ಟಲೆ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ರಿಸೆಪ್ಶನ್‌ನಿಂದ ಫೋನ್ ಬಂತು. ರಕ್ತ ಪರೀಕ್ಷೆಗೆ ಬಂದ ಹಿರಿಯರೊಬ್ಬರ ಮೊಬೈಲ್‌ನಲ್ಲಿ ಒಂದೇ ದಿನಕ್ಕೆ ಮೂರು ಮೆಸೇಜ್. ಒಂದರಲ್ಲಿ ಏಳೂವರೆಗೆ ಬನ್ನಿ ಅಂತಿದೆ. ಇನ್ನೊಂದರಲ್ಲಿ ಒಂಬತ್ತು. ಮತ್ತೊಂದರಲ್ಲಿ ಹನ್ನೊಂದು. ಅವರು ಎಲ್ಲಕ್ಕಿಂತ ಮೊದಲಿನ ಹೊತ್ತನ್ನು ನಂಬಿ ಬಂದಿದ್ದರು. ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲ. ನಾನು ಕೆಳಗೆ ಹೋದಾಗ ಬೆಂಚಿನ ಮೇಲೆ ಕೂತು ಮೊಬೈಲ್ ತೋರಿಸಿ, ‘ಇದರಲ್ಲಿ ಯಾವುದು ಸರಿ, ನೀವೇ ಹೇಳಿ’ ಅಂದರು. ಕೈ ಸಣ್ಣಗೆ ನಡುಗುತ್ತಿತ್ತು. ಯಾವುದು ಸರಿ ಅಂತ ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ.

ಮೇಲೆ ಬಂದು ನನ್ನ ಜೊತೆ ಕೆಲಸ ಮಾಡುವ ಹುಡುಗಿಯನ್ನು ಕೇಳಿದೆ. ಆಕೆ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ‘ನಿನ್ನೆ ಏನಾದ್ರೂ ಮುಟ್ಟಿದ್ಯಾ?’

‘ವೇಳಾಪಟ್ಟಿ ಬದಲಾಗಿತ್ತಲ್ವಾ ಸರ್, ಅದಕ್ಕೆ ರೀಸ್ಟಾರ್ಟ್ ಕೊಟ್ಟೆ. ಹೋದ ವಾರವೂ ಒಂದು ಸಲ ಕೊಟ್ಟಿದ್ದೆ. ಎರಡು ಸಲವೂ ಸರಿಯಾಗೇ ಬಂತು.’

ನಾನು ಜೋರು ಮಾಡಿದೆ. ಮಾಡಬಾರದಿತ್ತು. ಆಕೆ ಮಾತಾಡದೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹಿಂದಿನ ಸಂಜೆ ಬಂದ ಉತ್ತರ ಇನ್ನೂ ಅಲ್ಲೇ ಇತ್ತು. ‘ಸರ್ವಿಸ್ ಓಡುತ್ತಿಲ್ಲ. ಶುರು ಮಾಡಲಾಗುತ್ತಿದೆ. ಸರಿ.’ ಕೊನೆಯ ಆ ‘ಸರಿ’ ಹಸಿರು ಬಣ್ಣದಲ್ಲಿತ್ತು.

ನನಗೆ ಅಡ್ಡ ಸಿಕ್ಕಿದ್ದು ಮೊದಲ ಸಾಲು. ರೀಸ್ಟಾರ್ಟ್ ಅಂದರೆ ಮೊದಲು ನಿಲ್ಲಿಸು, ಆಮೇಲೆ ಶುರು ಮಾಡು ಅಂತ. ನಿಲ್ಲಿಸುವ ಮೊದಲು ಸ್ಕ್ರಿಪ್ಟ್ ತನ್ನನ್ನೇ ಕೇಳಿಕೊಳ್ಳುತ್ತದೆ, ಅದು ಓಡುತ್ತಿದೆಯಾ ಅಂತ. ಇಲ್ಲ ಅಂತ ಉತ್ತರ ಬಂದರೆ ನಿಲ್ಲಿಸುವ ಮಾತೇ ಇಲ್ಲ, ನೇರ ಶುರು. ಓಡುತ್ತಿರುವುದು ಅದರ ಕಣ್ಣಿಗೆ ಬೀಳದಿದ್ದರೆ ಏನಾಗುತ್ತದೆ? ಹಳೆಯದು ಹಾಗೇ ಓಡುತ್ತಿರುತ್ತದೆ, ಪಕ್ಕದಲ್ಲಿ ಹೊಸದೊಂದು ಹುಟ್ಟಿಕೊಳ್ಳುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು ನೋಡಿದೆ. ಮೂರು ಪ್ರತಿ ಇದ್ದವು. ಒಂದು ಮೊದಲಿನದು, ಎರಡು ಆಕೆ ಎರಡು ಸಲ ಕೊಟ್ಟ ರೀಸ್ಟಾರ್ಟ್‌ನಿಂದ ಹುಟ್ಟಿದ್ದು. ಪ್ರತಿಯೊಂದೂ ತಾನು ಶುರುವಾದ ದಿನದ ವೇಳಾಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿತ್ತು. ಯಾರಿಗೆ ಕಳಿಸಿಯಾಯಿತು ಅನ್ನುವ ಲೆಕ್ಕವೂ ಪ್ರತಿಯೊಂದಕ್ಕೂ ಬೇರೆ ಬೇರೆ. ಒಬ್ಬ ರೋಗಿಗೆ ಮೂರು ಬೇರೆ ಬೇರೆ ಸಮಯ ಬಂದದ್ದು ಹೀಗೆ.

ಇಲ್ಲೊಂದು ಮಾತು ಹೇಳಬೇಕು. ಇದು ವೆಬ್ ಸರ್ವರ್ ಆಗಿದ್ದರೆ ಎರಡನೆಯ ಪ್ರತಿ ಏಳುತ್ತಲೇ ಇರಲಿಲ್ಲ. ವೆಬ್ ಸರ್ವರ್ ಒಂದು ಪೋರ್ಟ್, ಅಂದರೆ ಹೊರಗಿನ ಕರೆಗಳು ಬರುವ ನಂಬರ್ ಹಾಕಿದ ಬಾಗಿಲು, ಹಿಡಿದು ಕೂತಿರುತ್ತದೆ. ಅದೇ ಪೋರ್ಟ್ ಕೇಳಿ ಇನ್ನೊಂದು ಬಂದರೆ, ‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಾಗಿಲಲ್ಲೇ ತಡೆಯುತ್ತದೆ. ಹಿನ್ನೆಲೆಯಲ್ಲಿ ಸದ್ದಿಲ್ಲದೆ ದುಡಿಯುವ ಪ್ರೋಗ್ರಾಂಗಳಿಗೆ ಆ ಕಾವಲು ಇಲ್ಲ. ಎಷ್ಟು ಪ್ರತಿ ಬೇಕಾದರೂ ಏಳುತ್ತವೆ.

ಸರಿ, ಕಣ್ಣೆದುರಿಗೆ ಓಡುತ್ತಿರುವುದು ಸ್ಕ್ರಿಪ್ಟ್‌ಗೆ ಯಾಕೆ ಕಾಣಲಿಲ್ಲ?

ಸ್ಕ್ರಿಪ್ಟ್ ಬಿಚ್ಚಿ ನೋಡಿದೆ. ಅದು ಪಿಗ್ರೆಪ್ ಅನ್ನುವ ಕಮಾಂಡ್‌ನಿಂದ ಪ್ರೋಗ್ರಾಂ ಹೆಸರನ್ನು ಹುಡುಕುತ್ತಿತ್ತು. ಹೆಸರು ಪೂರ್ತಿ ಹೊಂದಬೇಕು ಅಂತ ಷರತ್ತು. ಅದೇ ಸಾಲನ್ನು ಕೈಯಿಂದ ಟೈಪ್ ಮಾಡಿದೆ. ಆಗ ಸ್ಕ್ರಿಪ್ಟ್ ಯಾವತ್ತೂ ತೋರಿಸದ ಒಂದು ಎಚ್ಚರಿಕೆ ಪರದೆ ಮೇಲೆ ಬಂತು. 15 ಅಕ್ಷರಕ್ಕಿಂತ ಉದ್ದದ ಹೆಸರು ಕೊಟ್ಟರೆ ಏನೂ ಸಿಗುವುದಿಲ್ಲ, ಪ್ರೋಗ್ರಾಂ ಶುರು ಮಾಡಲು ಕೊಟ್ಟ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕಲು ಬೇರೆ ಆಯ್ಕೆ ಬಳಸಿ ಅಂತ ಅದರ ಅರ್ಥ.

ಹನ್ನೊಂದು ದಿನದ ಹಿಂದೆ ಆ ಪ್ರೋಗ್ರಾಂನ ಹೊಸ ಆವೃತ್ತಿ ಹಾಕಿ ಮೆಷಿನ್ ರೀಬೂಟ್ ಮಾಡಿದ್ದೆವು. ಹೊಸ ಆವೃತ್ತಿಯ ಜೊತೆ ಹೆಸರೂ ಬದಲಾಗಿತ್ತು. ಹಳೆಯ ಹೆಸರು ಹತ್ತು ಅಕ್ಷರ. ಹೊಸದು ‘ಮೆಸೇಜ್-ಡಿಸ್ಪ್ಯಾಚರ್’. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಡುವಿನ ಗೆರೆಯೂ ಸೇರಿ 18. ನಮ್ಮ ಮೆಷಿನ್‌ನ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದರ ಕರ್ನಲ್ ಪ್ರತಿ ಪ್ರೊಸೆಸ್‌ಗೂ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಒಂದೊಂದು ಪ್ರತಿಗೂ, ಒಂದು ಸಣ್ಣ ಹೆಸರು ಇಟ್ಟುಕೊಳ್ಳುತ್ತದೆ. ಅದಕ್ಕೆ ಮೀಸಲಿರುವ ಜಾಗ 16 ಬೈಟ್, ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕೊನೆಯ ಬೈಟ್ ಹೆಸರು ಮುಗಿಯಿತು ಅಂತ ಹೇಳುವ ಗುರುತಿಗೆ ಹೋಗುತ್ತದೆ. ಉಳಿಯುವುದು 15. ಹೆಸರು ಅದಕ್ಕಿಂತ ಉದ್ದ ಇದ್ದರೆ ಮಿಕ್ಕದ್ದು ಬಿದ್ದುಹೋಗುತ್ತದೆ. ಕರ್ನಲ್ ಪ್ರೊಸೆಸ್‌ಗಳ ವಿವರ ತೋರಿಸುವ ‘ಪ್ರಾಕ್’ ಫೋಲ್ಡರ್‌ನಲ್ಲಿ ಆ ಪ್ರೊಸೆಸ್‌ನ ನಂಬರ್ ಹುಡುಕಿ, ಅದರೊಳಗಿನ ‘ಕಾಮ್’ ಅನ್ನುವ ಫೈಲ್ ತೆರೆದೆ. ಅರ್ಧಕ್ಕೆ ನಿಂತ ಹೆಸರು ಕಾಣಿಸಿತು. ಕೊನೆಯ ಎಚ್, ಇ, ಆರ್ ಇರಲಿಲ್ಲ. ಸ್ಕ್ರಿಪ್ಟ್ 18 ಅಕ್ಷರದ ಹೆಸರು ಹಿಡಿದು ಹುಡುಕುತ್ತಿತ್ತು. ಕರ್ನಲ್ ಹತ್ತಿರ ಇದ್ದದ್ದು 15 ಅಕ್ಷರದ ಹೆಸರು. ಎರಡೂ ಎಂದಿಗೂ ಹೊಂದುವುದಿಲ್ಲ.

ಹುಡುಗಿ ನನ್ನ ಹಿಂದೆ ನಿಂತು ನೋಡುತ್ತಿದ್ದಳು. ‘ಆ ಎಚ್ಚರಿಕೆ ನನಗೆ ಯಾಕೆ ಬರಲಿಲ್ಲ ಸರ್?’ ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಸ್ಕ್ರಿಪ್ಟ್‌ನ ಆ ಸಾಲಿನ ಕೊನೆಯಲ್ಲಿ ಒಂದು ಸಣ್ಣ ತುಂಡು ಇತ್ತು. ತಪ್ಪಿನ ಸಂದೇಶ ಏನೇ ಬಂದರೂ ‘ನಲ್’ಗೆ ಎಸೆ ಅಂತ. ಅಂದರೆ ಯಾರಿಗೂ ಕಾಣದ ಹಾಗೆ ಬಿಸಾಕು. ಪರದೆ ಚೊಕ್ಕಟವಾಗಿ ಕಾಣಲಿ ಅಂತ ಬಹಳ ಜನ ಹೀಗೆ ಬರೆಯುತ್ತಾರೆ. ನಾನೂ ಎಷ್ಟೋ ಕಡೆ ಬರೆದಿದ್ದೇನೆ. ಈಗ ಬರೆಯುವುದಿಲ್ಲ. ಮೆಷಿನ್ ತನಗೆ ಗೊತ್ತಿದ್ದದ್ದನ್ನು ಸ್ಪಷ್ಟವಾಗಿಯೇ ಹೇಳಿತ್ತು. ಅದರ ಬಾಯಿ ಮುಚ್ಚಿದ್ದು ನಾವು.

ಮೂರೂ ಪ್ರತಿಗಳನ್ನು ಕೈಯಿಂದ ನಿಲ್ಲಿಸಿ ಒಂದನ್ನೇ ಶುರು ಮಾಡಿದೆವು. ಅವತ್ತು ಯಾರಿಗೆಲ್ಲ ಬೇರೆ ಬೇರೆ ಸಮಯ ಹೋಗಿತ್ತೋ ಅವರಿಗೆಲ್ಲ ಆಕೆ ಮತ್ತು ರಿಸೆಪ್ಶನ್‌ನವರು ಒಬ್ಬೊಬ್ಬರಿಗೇ ಫೋನ್ ಮಾಡಿ ಸರಿಯಾದ ಸಮಯ ಹೇಳಿದರು. ಆ ಹಿರಿಯರ ರಕ್ತ ಮೊದಲೇ ತೆಗೆಸಿ ಕಳಿಸಿದೆವು.

ಆಮೇಲೆ ರಿಪೇರಿಗೆ ಕೂತೆ. ಎಚ್ಚರಿಕೆ ಹೇಳಿದ ಹಾಗೆ ಪೂರ್ತಿ ಕಮಾಂಡ್ ಸಾಲಿನಲ್ಲಿ ಹುಡುಕುವ ಆಯ್ಕೆ ಹಾಕಿದೆ. ಸ್ಟೇಟಸ್ ಕೊಟ್ಟೆ, ‘ಓಡುತ್ತಿದೆ’ ಅಂತ ಬಂತು. ಸಮಾಧಾನವಾಯಿತು. ಆದರೆ ಹುಡುಗಿ, ‘ನಿಲ್ಲಿಸಿದ ಮೇಲೂ ಒಂದ್ಸಲ ನೋಡೋಣ ಸರ್’ ಅಂದಳು. ಟೆಸ್ಟ್ ಮೆಷಿನ್‌ನಲ್ಲಿ ನಿಲ್ಲಿಸಿ ಕೇಳಿದೆವು. ಆಗಲೂ ‘ಓಡುತ್ತಿದೆ’! ಪಿಗ್ರೆಪ್ ತನ್ನನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಿಜ. ಆದರೆ ಅದನ್ನು ಕರೆದ ಸ್ಕ್ರಿಪ್ಟ್‌ನ ಹೆಸರೂ ಮೆಸೇಜ್-ಡಿಸ್ಪ್ಯಾಚರ್ ಅಂತಲೇ ಇತ್ತು. ಹುಡುಕಲು ಹೋದವನೇ ಸಿಕ್ಕಿಬಿದ್ದ. ಅಷ್ಟೇ ಅಲ್ಲ, ಪಕ್ಕದ ಕಿಟಕಿಯಲ್ಲಿ ಯಾರಾದರೂ ಆ ಸರ್ವಿಸ್‌ನ ಲಾಗ್ ಫೈಲ್ (ಅದು ಏನೇನು ಮಾಡಿತು ಅನ್ನುವ ದಾಖಲೆ) ತೆರೆದಿಟ್ಟುಕೊಂಡಿದ್ದರೂ ಸಾಕು. ಅವರ ಕಮಾಂಡ್ ಸಾಲಿನಲ್ಲೂ ಅದೇ ಹೆಸರು ಇರುತ್ತದಲ್ಲ.

ಇದು ಮೊದಲಿನದಕ್ಕಿಂತ ಕೆಟ್ಟದ್ದು ಅನ್ನುತ್ತೇನೆ ನಾನು. ಇರುವುದನ್ನು ಇಲ್ಲ ಅಂದರೆ ಎರಡೆರಡು ಮೆಸೇಜ್ ಹೋಗುತ್ತದೆ, ಜನ ಬಂದು ಕೇಳುತ್ತಾರೆ. ಸತ್ತುಬಿದ್ದಿರುವುದನ್ನು ಓಡುತ್ತಿದೆ ಅಂದರೆ ಮೆಸೇಜ್ ಹೋಗುವುದೇ ಇಲ್ಲ. ಬರಬೇಕಾದವರು ಬರುವುದಿಲ್ಲ. ಬಾರದವರು ಫೋನ್ ಮಾಡಿ ದೂರು ಹೇಳುವುದೂ ಇಲ್ಲ.

ಹೆಸರು ಹಿಡಿದು ಹುಡುಕುವುದೇ ಬೇಡ, ನಂಬರ್ ಹಿಡಿದು ಹುಡುಕೋಣ ಅಂದುಕೊಂಡೆವು. ಪ್ರತಿ ಪ್ರೊಸೆಸ್‌ಗೂ ಒಂದು ನಂಬರ್ ಇರುತ್ತದೆ, ಪಿಐಡಿ ಅನ್ನುತ್ತೇವೆ. ಶುರು ಮಾಡುವಾಗ ಅದನ್ನು ಒಂದು ಫೈಲ್‌ನಲ್ಲಿ ಬರೆದಿಡುವುದು ಹಳೆಯ ಪದ್ಧತಿ. ಇದರಲ್ಲೂ ಒಂದು ಎಡವಟ್ಟು ಕಾದಿತ್ತು. ನಮ್ಮ ಸ್ಕ್ರಿಪ್ಟ್ ಪ್ರೋಗ್ರಾಂನ ಮಾತನ್ನೆಲ್ಲ ಪೈಪ್ ಮೂಲಕ ಲಾಗ್ ಬರೆಯುವ ಇನ್ನೊಂದು ಪ್ರೋಗ್ರಾಂಗೆ ಕೊಡುತ್ತಿತ್ತು. ‘ಈಗ ಹಿನ್ನೆಲೆಗೆ ಕಳಿಸಿದವನ ನಂಬರ್ ಕೊಡು’ ಅಂತ ಸ್ಕ್ರಿಪ್ಟ್ ಅನ್ನು ಓಡಿಸುವ ಶೆಲ್ ಅನ್ನು ಕೇಳಿದರೆ, ಅದು ಪೈಪ್‌ನ ಸಾಲಿನಲ್ಲಿ ಕೊನೆಗೆ ನಿಂತವನ ನಂಬರ್ ಕೊಡುತ್ತದೆ. ಅಂದರೆ ನಾವು ಜೋಪಾನವಾಗಿ ಬರೆದಿಟ್ಟದ್ದು ಲಾಗ್ ಬರೆಯುವವನ ನಂಬರ್. ಸ್ಟಾಪ್ ಕೊಟ್ಟರೆ ಲಾಗ್ ಬರೆಯುವವನು ಸಾಯುತ್ತಾನೆ. ಮೆಸೇಜ್ ಕಳಿಸುವವನು ಮುಂದಿನ ಲಾಗ್ ಸಾಲು ಬರೆಯುವವರೆಗೆ ಆರಾಮಾಗಿ ಓಡುತ್ತಲೇ ಇರುತ್ತಾನೆ. ಪೈಪ್ ತೆಗೆದು ಲಾಗ್ ಅನ್ನು ನೇರ ಫೈಲ್‌ಗೆ ಬರೆಸಿದ ಮೇಲೆ ಇದು ಸರಿಹೋಯಿತು.

ನಂಬರ್ ಇದ್ದರೂ ಸುಮ್ನೆ ನಂಬುವ ಹಾಗಿಲ್ಲ. ಪಿಐಡಿಗಳು ಸುತ್ತಿಕೊಂಡು ಮತ್ತೆ ಬರುತ್ತವೆ. ಲಿನಕ್ಸ್‌ನ ಮೂಲ ಮಿತಿ 32768. ಈಗಿನ 64 ಬಿಟ್ ಮೆಷಿನ್‌ಗಳಲ್ಲಿ ಅದನ್ನು 4194304 ತನಕ ಏರಿಸಬಹುದು. ನಮ್ಮ ಪ್ರೋಗ್ರಾಂ ಸತ್ತು ಅದರ ನಂಬರ್ ಬೇರೆ ಯಾರಿಗೋ ಸಿಕ್ಕಿದ್ದರೆ, ಆ ಬೇರೆಯವನನ್ನು ನೋಡಿ ಸ್ಕ್ರಿಪ್ಟ್ ‘ಓಡುತ್ತಿದೆ’ ಅನ್ನುತ್ತದೆ. ಕರೆಂಟ್ ಹೋಗಿ ಮೆಷಿನ್ ದಢಕ್ಕನೆ ಆಫ್ ಆದಾಗ ಹಳೇ ಫೈಲ್ ಡಿಸ್ಕ್‌ನಲ್ಲಿ ಉಳಿದು ಇಂಥದು ಮೊದಲು ಬಹಳ ಆಗುತ್ತಿತ್ತು. ಈಗ ಆ ಫೈಲ್‌ಗಳು ಇರುವ ಜಾಗವನ್ನು ಮೆಮೊರಿಯಲ್ಲೇ ಇಡುವುದರಿಂದ ರೀಬೂಟ್ ಆದರೆ ಅಳಿಸಿಹೋಗುತ್ತವೆ. ಆದರೂ ನಂಬರ್ ಜೊತೆಗೆ, ಆ ನಂಬರ್‌ನವನು ನಿಜವಾಗಿ ನಮ್ಮ ಪ್ರೋಗ್ರಾಂ ಹೌದಾ ಅಂತ ‘ಪ್ರಾಕ್’ನಲ್ಲಿ ನೋಡಲೇಬೇಕು.

ಇಷ್ಟಾದ ಮೇಲೆ, ಸಂಪಾದಕರೇ, ಈ ಪತ್ರ ಬರೆಯಲು ನಿಜವಾದ ಕಾರಣವಾದ ವಿಷಯಕ್ಕೆ ಬರುತ್ತೇನೆ. ಎಲ್ಲ ಸರಿಮಾಡಿ ಮನೆಗೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ನಿಗಾ ಇಡುವ ವ್ಯವಸ್ಥೆಯಿಂದ ಮೊಬೈಲ್‌ಗೆ ಕರೆ. ‘ಸರ್ವಿಸ್ ಓಡುತ್ತಿಲ್ಲ.’ ಎದ್ದು ಲಾಗಿನ್ ಆಗಿ ನೋಡಿದರೆ ಚೆನ್ನಾಗಿಯೇ ಓಡುತ್ತಿದೆ. ನಾನು ಕೇಳಿದರೆ ‘ಇದೆ’ ಅನ್ನುವ ಸ್ಕ್ರಿಪ್ಟ್, ಅದು ಕೇಳಿದರೆ ‘ಇಲ್ಲ’ ಅನ್ನುತ್ತಿದೆ. ಅದೇ ಮೆಷಿನ್, ಅದೇ ನಿಮಿಷ.

ನಾನು ಕೇಳಿದ್ದು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ. ನಿಗಾ ವ್ಯವಸ್ಥೆ ಕೇಳಿದ್ದು ಸಾಮಾನ್ಯ ಬಳಕೆದಾರನಾಗಿ. ಪ್ರೊಸೆಸ್ ಬದುಕಿದೆಯಾ ಅಂತ ನೋಡಲು ಸ್ಕ್ರಿಪ್ಟ್ ‘ಕಿಲ್ ಸೊನ್ನೆ’ ಬಳಸುತ್ತದೆ. ಹೆಸರು ಕೇಳಿ ಗಾಬರಿ ಬೇಡ, ಅದು ಯಾರನ್ನೂ ಕೊಲ್ಲುವುದಿಲ್ಲ. ಬಾಗಿಲು ತಟ್ಟಿ ನೋಡುವ ಹಾಗೆ. ಅದು ಸೋಲಲು ಎರಡು ಕಾರಣ ಇರುತ್ತವೆ. ‘ಅಂಥ ಪ್ರೊಸೆಸ್ ಇಲ್ಲ’ ಅನ್ನುವುದು ಒಂದು. ‘ನಿನಗೆ ಅನುಮತಿ ಇಲ್ಲ’ ಅನ್ನುವುದು ಇನ್ನೊಂದು. ಎರಡನೆಯದು ಬಂದರೆ ಒಳಗೆ ಯಾರೋ ಇದ್ದಾರೆ ಅಂತಲೇ ಅರ್ಥ. ಆದರೆ ಸ್ಕ್ರಿಪ್ಟ್ ನೋಡುವುದು ಗೆಲುವು ಸೋಲು ಮಾತ್ರ. ಯಾಕೆ ಸೋತೆ ಅಂತ ಕೇಳುವುದಿಲ್ಲ. ಸೋತೆಯಾ, ಹಾಗಾದರೆ ಪ್ರೋಗ್ರಾಂ ಸತ್ತಿದೆ ಅಂತ ಬರೆದುಬಿಡುತ್ತದೆ.

ಹದಿನೈದು ಅಕ್ಷರದ ತೊಂದರೆಯೂ ಬೇರನ್ನು ಅಗೆದರೆ ಇದೇ. ಹುಡುಕಲು ಆಗಲಿಲ್ಲ ಅನ್ನುವುದನ್ನು ಇಲ್ಲ ಅಂತ ಹೇಳುವುದು. ಇವೆರಡೂ ಬೇರೆ ಮಾತು. ಬೀರುವಿನಲ್ಲಿ ಫೈಲ್ ಇಲ್ಲ ಅನ್ನುವುದು ಒಂದು, ಬೀರುವಿನ ಕೀಲಿ ನನ್ನ ಹತ್ತಿರ ಇಲ್ಲ ಅನ್ನುವುದು ಇನ್ನೊಂದು. ಮನುಷ್ಯರು ಹೀಗೆ ಹೇಳಿದರೆ ನಾವು ಒಪ್ಪುವುದಿಲ್ಲ, ಅಲ್ವಾ? ಸ್ಕ್ರಿಪ್ಟ್ ಹೇಳಿದರೆ ಒಪ್ಪಿಕೊಂಡು ಅದರ ಮಾತಿನ ಮೇಲೆ ಇನ್ನೊಂದು ಪ್ರತಿ ಎಬ್ಬಿಸುತ್ತೇವೆ.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಅನ್ನುವ ಮಾನದಂಡದಲ್ಲಿ ಸ್ಟೇಟಸ್ ಕೇಳಿದಾಗ ಯಾವ ಅಂಕಿ ಹಿಂದಿರುಗಿಸಬೇಕು ಅಂತ ಬರೆದಿದ್ದಾರೆ. ಓಡುತ್ತಿದ್ದರೆ 0. ಸತ್ತಿದೆ, ಆದರೆ ಪಿಐಡಿ ಫೈಲ್ ಉಳಿದಿದೆ ಅಂದರೆ 1. ಸತ್ತಿದೆ, ಓಡುತ್ತಿದೆ ಅನ್ನುವ ಗುರುತಿಗೆ ಇಡುವ ಬೀಗದ ಫೈಲ್ ಉಳಿದಿದೆ ಅಂದರೆ 2. ಓಡುತ್ತಿಲ್ಲ ಅಂದರೆ 3. ಗೊತ್ತಿಲ್ಲ ಅಂದರೆ 4. ಆ ನಾಲ್ಕನ್ನು ಹಿಂದಿರುಗಿಸುವ ಸ್ಕ್ರಿಪ್ಟ್ ನಾನು ನೋಡಿರುವುದು ತೀರಾ ಕಡಿಮೆ. ಗೊತ್ತಿಲ್ಲ ಅನ್ನಲು ಜಾಗ ಕೊಟ್ಟಿದ್ದಾರೆ, ನಾವು ಅದನ್ನು ಬಳಸುವುದಿಲ್ಲ. ನಮ್ಮ ಸ್ಕ್ರಿಪ್ಟ್‌ನಲ್ಲಿ ಈಗ ಬಳಸಿದ್ದೇವೆ. ಅನುಮತಿ ಇಲ್ಲದೆ ಸೋತರೆ 4. ರೀಸ್ಟಾರ್ಟ್ ಕೊಟ್ಟಾಗ 4 ಬಂದರೆ ಅದು ಏನನ್ನೂ ಮುಟ್ಟುವುದಿಲ್ಲ, ನಿಂತು ಹೇಳುತ್ತದೆ.

ಸರ್ವಿಸ್‌ಗಳನ್ನು ತಾನೇ ನೋಡಿಕೊಳ್ಳುವ ಸಿಸ್ಟಮ್‌ಡಿ ಬಂದ ಮೇಲೆ ಈ ಗೋಳೆಲ್ಲ ಯಾಕೆ ಅಂತ ಬಲ್ಲವರು ಕೇಳಬಹುದು. ನಿಜ. 2010ರಲ್ಲಿ ಶುರುವಾದ ಅದು ಈಗ ಬಹುತೇಕ ಲಿನಕ್ಸ್‌ಗಳಲ್ಲಿ ಇದೆ. ಅದು ಹೆಸರು ಹಿಡಿದು ಹುಡುಕುವುದಿಲ್ಲ. ಸರ್ವಿಸ್ ಅನ್ನು ತಾನೇ ಹುಟ್ಟಿಸುತ್ತದೆ. ಆ ಸರ್ವಿಸ್ ಹುಟ್ಟಿಸಿದ ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಒಂದೇ ಗುಂಪಿನಲ್ಲಿ ಇಟ್ಟುಕೊಳ್ಳುತ್ತದೆ. ಹೆತ್ತವರಿಗೆ ಮಗು ಎಲ್ಲಿದೆ ಅಂತ ಊರೆಲ್ಲ ಕೇಳಬೇಕಾಗಿಲ್ಲ. ಮಗು ಸತ್ತರೆ ಕರ್ನಲ್ ಮೊದಲು ಸುದ್ದಿ ಮುಟ್ಟಿಸುವುದೂ ಹೆತ್ತ ಪ್ರೊಸೆಸ್‌ಗೇ. ಈ ಸರ್ವಿಸ್ ಅನ್ನು ನಾವೂ ಕೊನೆಗೆ ಅದಕ್ಕೇ ಒಪ್ಪಿಸಿದೆವು.

ಆದರೆ ಅಲ್ಲೂ ಕಣ್ಣು ಮುಚ್ಚಿ ಕೂರುವ ಹಾಗಿಲ್ಲ. ಪ್ರೋಗ್ರಾಂ ಯಾವ ಬಗೆಯದು ಅಂತ ನಾವು ಅದಕ್ಕೆ ಸರಿಯಾಗಿ ಹೇಳಬೇಕು. ಕೆಲವು ಪ್ರೋಗ್ರಾಂಗಳು ಶುರುವಾದ ತಕ್ಷಣ ಒಂದು ಮರಿ ಹಾಕಿ ತಾವು ಹೊರಟುಹೋಗುತ್ತವೆ, ಕೆಲಸ ಮರಿಯದು. ಕೆಲವು ಕೊನೆತನಕ ತಾವೇ ಇರುತ್ತವೆ. ಇರುವಂಥದ್ದನ್ನು ಮರಿ ಹಾಕುವಂಥದ್ದು ಅಂತ ಬರೆದರೆ, ತಾಯಿ ಯಾವಾಗ ಹೊರಡುತ್ತದೆ ಅಂತ ಸಿಸ್ಟಮ್‌ಡಿ ಕಾಯುತ್ತಾ ಕೂರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ 90 ಸೆಕೆಂಡ್ ಕಾದು, ‘ಶುರುವಾಗಲಿಲ್ಲ’ ಅಂತ ತೀರ್ಮಾನಿಸಿ, ಚೆನ್ನಾಗಿ ಓಡುತ್ತಿದ್ದದ್ದನ್ನೇ ಕೊಲ್ಲುತ್ತದೆ. ನಮ್ಮಲ್ಲೂ ಮೊದಲ ದಿನ ಹೀಗೇ ಆಯಿತು. ಸರಿಯಾಗಿ ಒಂದೂವರೆ ನಿಮಿಷಕ್ಕೆ ಸಾಯುತ್ತಿದೆ ಅನ್ನುವುದನ್ನು ಹುಡುಗಿ ಗಡಿಯಾರ ನೋಡಿ ಹಿಡಿದಳು. ಅದೇ ಸುಳಿವಿನಿಂದ ತಪ್ಪು ಸಿಕ್ಕಿತು.

ಪ್ರೋಗ್ರಾಂ ಬರೆದವರಿಗೂ ಒಂದು ಬೇಡಿಕೆ ಕಳಿಸಿದೆವು. ಶುರುವಾಗುವಾಗ ಪ್ರೋಗ್ರಾಂ ತಾನೇ ಒಂದು ಫೈಲ್ ಮೇಲೆ ಬೀಗ ಹಾಕಿಕೊಳ್ಳಲಿ ಅಂತ. ಫೈಲ್ ಇದೆಯಾ ಇಲ್ಲವಾ ಅನ್ನುವ ಬೀಗ ಅಲ್ಲ, ಕರ್ನಲ್ ಇಟ್ಟುಕೊಳ್ಳುವ ಬೀಗ. ಬೀಗ ಹಿಡಿದವನು ಸತ್ತರೆ ಕರ್ನಲ್ ತಾನೇ ಬಿಡಿಸುತ್ತದೆ, ಹಳೇ ಗುರುತು ಉಳಿಯುವುದಿಲ್ಲ. ಎರಡನೆಯ ಪ್ರತಿ ಎದ್ದರೆ ಬೀಗ ಸಿಗದೆ ಹೊರಟುಹೋಗುತ್ತದೆ. ಸ್ಕ್ರಿಪ್ಟ್ ನೂರು ಸಲ ತಪ್ಪು ಹೇಳಿದರೂ ರೋಗಿಗೆ ಎರಡು ಮೆಸೇಜ್ ಹೋಗುವುದಿಲ್ಲ. ಅವರು ಒಪ್ಪಿದರು. ಮುಂದಿನ ಆವೃತ್ತಿಯಲ್ಲಿ ಬಂತು.

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಇನ್ನು ಮುಂದೆ ನಿಮ್ಮ ವರದಿಗಾರರಿಗೆ ಯಾರಾದರೂ ‘ತಾಂತ್ರಿಕ ದೋಷ’ ಅಂದರೆ, ಏನು ದೋಷ ಅಂತ ಇನ್ನೊಂದು ಪ್ರಶ್ನೆ ಕೇಳಿಸಿ. ಉತ್ತರ ಕಷ್ಟದ್ದಾಗಿರುತ್ತದೆ ಅನ್ನುವ ಹೆದರಿಕೆ ಬೇಡ. 15 ಅಕ್ಷರದ ಕಥೆ ಯಾರಿಗೆ ಅರ್ಥವಾಗುವುದಿಲ್ಲ? ನಿಮ್ಮ ತಂತ್ರಜ್ಞಾನದ ಪುಟದಲ್ಲಿ ಹೊಸ ಫೋನ್‌ಗಳ ಪಕ್ಕ ಇಂಥದಕ್ಕೂ ವಾರಕ್ಕೊಂದು ಕಾಲಂ ಕೊಡಿ. ಈ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ರಾತ್ರಿ ಎರಡು ಗಂಟೆಗೆ ಕಲಿತದ್ದನ್ನು ಅವರು ತಮ್ಮ ಮಾತಿನಲ್ಲಿ ಬರೆದರೆ ಇನ್ನೊಬ್ಬರ ನಿದ್ದೆ ಉಳಿಯುತ್ತದೆ.

ಇಂಥ ಸ್ಕ್ರಿಪ್ಟ್ ನೋಡಿಕೊಳ್ಳುವವರು ಇದನ್ನು ಓದುತ್ತಿದ್ದರೆ, ನಿಮ್ಮ ಟೆಸ್ಟ್ ಮೆಷಿನ್‌ನಲ್ಲಿ ಸರ್ವಿಸ್ ಓಡುವಾಗ ಒಮ್ಮೆ, ನಿಲ್ಲಿಸಿ ಒಮ್ಮೆ ಸ್ಟೇಟಸ್ ಕೇಳಿ. ರೂಟ್ ಆಗಿ ಕೇಳಿ, ಸಾಮಾನ್ಯ ಬಳಕೆದಾರನಾಗಿಯೂ ಕೇಳಿ. ನಾಲ್ಕು ಉತ್ತರ ಬರೆದುಕೊಳ್ಳಿ. ಹೊಸ ಆವೃತ್ತಿ ಬಂದಾಗಲೆಲ್ಲ ಈಗ ನಮ್ಮಲ್ಲಿ ಹುಡುಗಿ ಇದನ್ನು ಮಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಟಿಕ್ ಹಾಕುತ್ತೇನೆ. ಅವತ್ತು ಜೋರು ಮಾಡಿದ್ದಕ್ಕೆ ಆಕೆಯ ಹತ್ತಿರ ಕ್ಷಮೆ ಕೇಳಿದ್ದೇನೆ.

ಇಂತಿ,
ಸರ್ವರ್ ನೋಡಿಕೊಳ್ಳುವ ಒಬ್ಬ ಓದುಗ